ಬೆಳಕಿನ ರಾಮನ್, ನಾದದ ರಾಮನ್

ಗುಂಡ್ಲುಪೇಟೆಯಿಂದ ಊಟಿ ರಸ್ತೆಯಲ್ಲಿ ಸಾಗಿ ಹಂಗಳದ ಬಳಿ ತಿರುಗಿದರೆ ಎದುರಾಗುವುದು ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಸಮುದ್ರಮಟ್ಟದಿಂದ ಸುಮಾರು 1450 ಮೀಟರ್ ಎತ್ತರದ ಈ ಬೆಟ್ಟಕ್ಕೆ ಹೆಸರು ಬಂದದ್ದೇ ಅದನ್ನು ಸುತ್ತುವ ಮಂಜಿನಿಂದ. ಮಂಜು ಕವಿದ ಮುಂಜಾನೆ ಅಲ್ಲಿ ಹತ್ತು ಹೆಜ್ಜೆ ಮುಂದಿರುವ ಮನುಷ್ಯ ಕಾಣುವುದಿಲ್ಲ. ಆದರೆ ದೇವಾಲಯದ ಗಂಟೆಯ ನಾದ ಮಾತ್ರ ಯಾವ ಅಡ್ಡಿಯೂ ಇಲ್ಲದೆ ಕಿವಿಗೆ ಬೀಳುತ್ತದೆ. ಕಣ್ಣು ಸೋತಲ್ಲಿ ಕಿವಿ ಗೆಲ್ಲುತ್ತದೆ.

ಇದಕ್ಕೆ ಕಾರಣ ಸರಳ. ಮಂಜಿನ ಹನಿ ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಗಾತ್ರದ್ದು. ಬೆಳಕಿನ ಅಲೆ ಅದಕ್ಕಿಂತಲೂ ಬಹಳ ಚಿಕ್ಕದು. ಹಾಗಾಗಿ ಪ್ರತಿ ಹನಿಯೂ ಬೆಳಕನ್ನು ತಡೆದು ಸುತ್ತಲೂ ಚದುರಿಸುತ್ತದೆ. ಗಂಟೆಯ ನಾದದ ಅಲೆಯಾದರೋ ಮೊಳ, ಒಂದೂವರೆ ಮೊಳ ಉದ್ದದ್ದು. ಅದಕ್ಕೆ ಹನಿಗಳು ಇದ್ದೂ ಇಲ್ಲದಂತೆ. ಮನುಷ್ಯನ ದೇಹವೂ ಬೆಳಕಿನ ಪಾಲಿಗೆ ಇಂತಹುದೇ ಒಂದು ಮಂಜು. ಚರ್ಮ, ಮಾಂಸ, ಕೊಬ್ಬು ಎಲ್ಲವೂ ಬೆಳಕನ್ನು ಚದುರಿಸಿಬಿಡುತ್ತವೆ, ಶಬ್ದವನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತವೆ. ಗರ್ಭದಲ್ಲಿರುವ ಶಿಶುವನ್ನು ತೋರಿಸುವ ಸ್ಕ್ಯಾನಿಂಗ್ ಯಂತ್ರ ನಿಂತಿರುವುದು ಈ ಒಂದು ಸತ್ಯದ ಮೇಲೆ.

ಶಬ್ದ ಮತ್ತು ಬೆಳಕು ಒಂದೆಡೆ ಕೂಡಿದಾಗ ಏನಾಗುತ್ತದೆ ಎಂಬ ಪ್ರಶ್ನೆಗೆ ಜಗತ್ತು ಒಪ್ಪಿದ ಉತ್ತರವೊಂದು ದೊರೆತದ್ದು ಕರ್ನಾಟಕದ ನೆಲದಲ್ಲಿ, 1935-36ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಉತ್ತರ ಕೊಟ್ಟವರು ಸರ್ ಚಂದ್ರಶೇಖರ ವೆಂಕಟ ರಾಮನ್ ಮತ್ತು ಅವರ ಕಿರಿಯ ಸಹೋದ್ಯೋಗಿ ಎನ್.ಎಸ್. ನಾಗೇಂದ್ರನಾಥ್. ರಾಮನ್ ಎಂದೊಡನೆ ನೆನಪಾಗುವುದು ಬೆಳಕು ಮತ್ತು ನೊಬೆಲ್ ಪಾರಿತೋಷಕ. ಆದರೆ ಅವರ ಬದುಕಿನ ಮೊದಲಿನಿಂದ ಕೊನೆಯವರೆಗೆ ಹರಿದುಬಂದ ಇನ್ನೊಂದು ಧಾರೆಯಿದೆ. ಅದು ನಾದದ್ದು.

ಪಿಟೀಲಿನ ಮನೆಯ ಹುಡುಗ

ರಾಮನ್ ಜನಿಸಿದ್ದು 1888ರ ನವೆಂಬರ್ 7ರಂದು, ತಿರುಚಿರಾಪಳ್ಳಿಯಲ್ಲಿ. ತಂದೆ ಚಂದ್ರಶೇಖರ ಅಯ್ಯರ್, ತಾಯಿ ಪಾರ್ವತಿ ಅಮ್ಮಾಳ್. ಗಣಿತ ಮತ್ತು ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ತಂದೆ ವಿಶಾಖಪಟ್ಟಣದ ಕಾಲೇಜಿಗೆ ಸೇರಿದ್ದರಿಂದ ರಾಮನ್‌ರ ಬಾಲ್ಯ ಕಳೆದದ್ದು ಅಲ್ಲಿಯ ಕಡಲತೀರದಲ್ಲಿ. ತಂದೆ ಪಿಟೀಲು ನುಡಿಸುತ್ತಿದ್ದರು. ಮನೆಯಲ್ಲಿ ವಿಜ್ಞಾನದ ಪುಸ್ತಕಗಳೂ ಇದ್ದವು, ಸಂಗೀತವೂ ಇತ್ತು. ಮಗನಿಗೆ ಇವೆರಡೂ ಬೇರೆಬೇರೆ ಎನಿಸಲೇ ಇಲ್ಲ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1904ರಲ್ಲಿ ಬಿ.ಎ., 1907ರಲ್ಲಿ ಎಂ.ಎ. ಪದವಿಗಳನ್ನು ಉನ್ನತ ಶ್ರೇಣಿಯಲ್ಲಿ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ, 1906ರಲ್ಲಿ, ಬೆಳಕಿನ ವಿವರ್ತನೆಯ ಬಗ್ಗೆ ಅವರು ಬರೆದ ಪ್ರಬಂಧ ಲಂಡನ್ನಿನ ಹೆಸರಾಂತ ವಿಜ್ಞಾನ ಪತ್ರಿಕೆಯಲ್ಲಿ ಅಚ್ಚಾಯಿತು. ಉನ್ನತ ವ್ಯಾಸಂಗಕ್ಕೆ ಇಂಗ್ಲೆಂಡಿಗೆ ಕಳುಹಿಸುವ ಮಾತು ಬಂದಿತ್ತು. ಹುಡುಗನ ದೇಹ ಅಲ್ಲಿಯ ಚಳಿಯನ್ನು ತಾಳಲಾರದು ಎಂದು ಮದರಾಸಿನ ಸರ್ಕಾರಿ ವೈದ್ಯರು ತೀರ್ಮಾನಿಸಿದ್ದರಿಂದ ಆ ಯೋಚನೆ ಅಲ್ಲಿಗೇ ನಿಂತಿತು. ಮುಂದೆ ವಿಜ್ಞಾನದಲ್ಲಿ ನೊಬೆಲ್ ಪಡೆದ ಮೊದಲ ಏಷ್ಯನ್ ಎನಿಸಿದ ವ್ಯಕ್ತಿಯ ವ್ಯಾಸಂಗವೆಲ್ಲ ನಡೆದದ್ದು ಹೀಗೆ ಸ್ವದೇಶದಲ್ಲಿಯೇ.

ಅಂದಿನ ದಿನಗಳಲ್ಲಿ ವಿಜ್ಞಾನವನ್ನೇ ಜೀವನೋಪಾಯ ಮಾಡಿಕೊಳ್ಳುವ ಅವಕಾಶ ಭಾರತೀಯರಿಗೆ ಇರಲಿಲ್ಲವೆಂದರೂ ಸಲ್ಲುತ್ತದೆ. ರಾಮನ್ ಹಣಕಾಸು ಇಲಾಖೆಯ ಪರೀಕ್ಷೆ ಬರೆದು ತೇರ್ಗಡೆಯಾದರು. 1907ರಲ್ಲಿ ಕಲ್ಕತ್ತೆಯಲ್ಲಿ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಅಧಿಕಾರ ವಹಿಸಿಕೊಂಡರು. ಅದೇ ವರ್ಷ ಲೋಕಸುಂದರಿಯವರೊಡನೆ ವಿವಾಹವಾಯಿತು. ಮಡದಿಗೆ ವೀಣಾವಾದನ ತಿಳಿದಿತ್ತು.

ಮೃದಂಗ, ವೀಣೆ ಮತ್ತು ಗೋಳಗುಮ್ಮಟ

ಕಲ್ಕತ್ತೆಯ ಬೌಬಜಾರ್ ರಸ್ತೆಯಲ್ಲಿ ಒಂದು ವಿಜ್ಞಾನ ಸಂಘವಿತ್ತು. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಕಟ್ಟಿದ ಸಂಸ್ಥೆಯದು. ಪ್ರಯೋಗಾಲಯವಿದ್ದರೂ ಅಲ್ಲಿ ಕೆಲಸ ಮಾಡುವವರು ಇರಲಿಲ್ಲ. ರಾಮನ್ ಕಚೇರಿಗೆ ಮುನ್ನ ಮತ್ತು ಕಚೇರಿಯ ನಂತರ ಆ ಬಾಗಿಲು ತೆರೆದು ಒಳಹೊಕ್ಕರು. ಹತ್ತು ವರ್ಷ ಹಗಲಿಗೆ ಲೆಕ್ಕಪತ್ರ, ಮುಂಜಾನೆ ಮತ್ತು ರಾತ್ರಿಗೆ ವಿಜ್ಞಾನ ಎಂಬಂತೆ ಬಾಳಿದರು.

ಆ ದಿನಗಳ ಅವರ ಸಂಶೋಧನೆಯಲ್ಲಿ ದೊಡ್ಡ ಪಾಲು ಶಬ್ದಕ್ಕೆ ಸಂಬಂಧಿಸಿದ್ದು. ಪಿಟೀಲಿನ ತಂತಿಯ ಮೇಲೆ ಕಮಾನು ಎಳೆದಾಗ ತಂತಿ ಹೇಗೆ ಕಂಪಿಸುತ್ತದೆ ಎಂಬುದನ್ನು ಕುರಿತ ಅವರ ವಿಸ್ತಾರವಾದ ಪ್ರಬಂಧ 1918ರಲ್ಲಿ ಹೊರಬಂತು. ವೀಣೆ ಮತ್ತು ತಂಬೂರಿಯ ಕುದುರೆ ಪಾಶ್ಚಾತ್ಯ ವಾದ್ಯಗಳ ಕುದುರೆಯಂತೆ ಚೂಪಾಗಿರದೆ ಬಾಗಿದ ಹಲಗೆಯಂತಿರುವುದನ್ನು ಅವರು ಗಮನಿಸಿದರು. ಈ ಬಾಗಿನಿಂದಾಗಿಯೇ, ಯುರೋಪಿನ ಪಠ್ಯಗಳ ಪ್ರಕಾರ ಮೂಡಬಾರದ ಉಪಸ್ವರಗಳೂ ಮೂಡುತ್ತವೆ ಎಂದು ತೋರಿಸಿದರು.

ಮೃದಂಗದ ಕುರಿತ ಕೆಲಸ ಇನ್ನೂ ಸ್ವಾರಸ್ಯಕರವಾದುದು. ಸಾಮಾನ್ಯ ಚರ್ಮವಾದ್ಯದ ಸದ್ದಿನಲ್ಲಿ ಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಆದ್ದರಿಂದ ಅದು ಬರಿಯ ಬಡಿತ. ಮೃದಂಗ ಮತ್ತು ತಬಲಗಳ ಮುಚ್ಚಳಿಕೆಯ ನಡುವೆ ಕರಿಯ ಲೇಪವಿರುತ್ತದೆ. ಆ ಲೇಪದ ಭಾರ ಚರ್ಮದ ಕಂಪನಗಳನ್ನು ತಿದ್ದಿ, ತಂತಿವಾದ್ಯದಂತೆ ಶ್ರುತಿಬದ್ಧ ಸ್ವರಗಳನ್ನು ಹೊರಡಿಸುತ್ತದೆ ಎಂದು ರಾಮನ್ 1920ರಲ್ಲಿ ಜಗತ್ತಿಗೆ ತಿಳಿಸಿದರು. ಮೃದಂಗ ತಯಾರಕರು ಪೀಳಿಗೆಗಳಿಂದ ಕೈಯಲ್ಲಿ ಬಲ್ಲ ವಿದ್ಯೆಗೆ ಗಣಿತದ ಭಾಷೆ ದೊರೆತದ್ದು ಹೀಗೆ.

ಪಿಸುಮಾತಿನ ಗ್ಯಾಲರಿಗಳೂ ಅವರನ್ನು ಸೆಳೆದವು. 1921ರಲ್ಲಿ ಇಂಗ್ಲೆಂಡಿಗೆ ಹೋದಾಗ ಸೇಂಟ್ ಪಾಲ್ ಇಗರ್ಜಿಯ ಗುಮ್ಮಟದಲ್ಲಿ ಪಿಸುಮಾತು ಗೋಡೆಯುದ್ದಕ್ಕೂ ಹರಿಯುವ ಬಗೆಯನ್ನು ಪರೀಕ್ಷಿಸಿದರು. ಹಿಂದಿರುಗಿದ ಮೇಲೆ ಭಾರತದ ಗುಮ್ಮಟಗಳತ್ತ ಗಮನ ಹರಿಸಿದರು. ಹಾಗೆ ಅವರ ಅಧ್ಯಯನಕ್ಕೆ ಒಳಗಾದವುಗಳಲ್ಲಿ ನಮ್ಮ ವಿಜಾಪುರದ ಗೋಳಗುಮ್ಮಟವೂ ಒಂದು.

ಅದೇ ಪ್ರಯಾಣದಲ್ಲಿ ಮೆಡಿಟರೇನಿಯನ್ ಕಡಲಿನ ಗಾಢ ನೀಲಿ ಅವರ ಕಣ್ಣನ್ನು ಹಿಡಿಯಿತು. ಆ ನೀಲಿ ಆಕಾಶದ ಪ್ರತಿಬಿಂಬವಷ್ಟೇ ಅಲ್ಲ, ನೀರಿನ ಕಣಗಳೇ ಬೆಳಕನ್ನು ಚದುರಿಸಿದ್ದರ ಫಲ ಎಂದು ಅವರು ಕಂಡುಕೊಂಡರು. ಅಲ್ಲಿಂದ ಆರಂಭವಾದ ಹುಡುಕಾಟ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮದ ಶೋಧದಲ್ಲಿ ಕೊನೆಗೊಂಡಿತು. ಆ ಶೋಧದ ಕುರಿತು ಅವರ ಸುಪ್ರಸಿದ್ಧ ಉಪನ್ಯಾಸ ನಡೆದದ್ದು ಬೆಂಗಳೂರಿನಲ್ಲಿ, ಅದೇ ಮಾರ್ಚ್ 16ರಂದು. 1930ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅಷ್ಟರಲ್ಲಿ ಅವರು ಸರ್ಕಾರಿ ನೌಕರಿ ಬಿಟ್ಟು ಹದಿಮೂರು ವರ್ಷವಾಗಿತ್ತು. 1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಪಾಲಿಟ್ ಪ್ರಾಧ್ಯಾಪಕ ಪೀಠಕ್ಕಾಗಿ ಅವರು ತ್ಯಜಿಸಿದ್ದು ಬಹಳ ದೊಡ್ಡ ಸಂಬಳವನ್ನು.

ಬೆಂಗಳೂರಿನಲ್ಲಿ ಹೊಸ ಅಧ್ಯಾಯ

1933ರಲ್ಲಿ ರಾಮನ್ ಬೆಂಗಳೂರಿಗೆ ಬಂದರು. ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಸಿಕೊಳ್ಳುತ್ತಿದ್ದ ಭಾರತೀಯ ವಿಜ್ಞಾನ ಸಂಸ್ಥೆಗೆ ಅವರು ಮೊದಲ ಭಾರತೀಯ ನಿರ್ದೇಶಕರು. ಅಲ್ಲಿ ಅದುವರೆಗೆ ಭೌತಶಾಸ್ತ್ರ ವಿಭಾಗವೇ ಇರಲಿಲ್ಲ. ಅವರು ಅದನ್ನು ಆರಂಭಿಸಿದರು. ಮರುವರ್ಷ, 1934ರಲ್ಲಿ, ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಕಟ್ಟಿದರು. ಭಾರತದಲ್ಲಿ ನಡೆದ ಸಂಶೋಧನೆ ಭಾರತದಲ್ಲಿಯೇ ಅಚ್ಚಾಗಬೇಕೆಂಬ ಹಟದಿಂದ ಅಕಾಡೆಮಿಯ ಪತ್ರಿಕೆಯನ್ನು ಹೊರತಂದರು. ಮೃದಂಗದ ಬಗ್ಗೆ ಅವರು ಬರೆದ ಪೂರ್ಣ ಪ್ರಬಂಧ 1934ರಲ್ಲಿ ಪ್ರಕಟವಾದದ್ದು ಇದರಲ್ಲಿಯೇ. ಮೈಸೂರಿನ ಮಹಾರಾಜರು 1935ರಲ್ಲಿ ಅವರಿಗೆ ರಾಜಸಭಾಭೂಷಣ ಬಿರುದಿತ್ತು ಗೌರವಿಸಿದರು.

ಈ ಹೊತ್ತಿಗೆ ಯುರೋಪು ಮತ್ತು ಅಮೆರಿಕಗಳ ಭೌತವಿಜ್ಞಾನಿಗಳನ್ನು ಒಂದು ಒಗಟು ಕಾಡುತ್ತಿತ್ತು. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಮಾತ್ರ ಕೇಳಬಲ್ಲದು. ಅದಕ್ಕೂ ಮಿಗಿಲಾದುದು ಶ್ರವಣಾತೀತ ಶಬ್ದ, ಅಂದರೆ ಅಲ್ಟ್ರಾಸೌಂಡ್. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪಾಲ್ ಲಾಂಜೆವನ್ ಜಲಾಂತರ್ಗಾಮಿಗಳ ಪತ್ತೆಗೆಂದು ಕ್ವಾರ್ಟ್ಸ್ ಹರಳಿಗೆ ವಿದ್ಯುತ್ ಹಾಯಿಸಿ ಇಂತಹ ಶಬ್ದವನ್ನು ಹುಟ್ಟಿಸಿದ್ದರು. ಇಂತಹ ಶಬ್ದ ದ್ರವದಲ್ಲಿ ಹರಿಯುವಾಗ ಅದರ ಮೂಲಕ ಬೆಳಕು ಹಾಯಿಸಿದರೆ ಬೆಳಕು ಬಾಗೀತು ಎಂದು 1922ರಲ್ಲಿಯೇ ಲಿಯಾನ್ ಬ್ರಿಲ್ವಾ ಊಹಿಸಿದ್ದರು. 1932ರಲ್ಲಿ ಅಮೆರಿಕದಲ್ಲಿ ಡಿಬೈ ಮತ್ತು ಸಿಯರ್ಸ್, ಫ್ರಾನ್ಸಿನಲ್ಲಿ ಲ್ಯೂಕಾ ಮತ್ತು ಬಿಕಾರ್ ಅದನ್ನು ಪ್ರಯೋಗದಲ್ಲಿ ಕಂಡರು.

ಕಂಡದ್ದು ಮಾತ್ರ ಊಹೆಯನ್ನು ಮೀರಿತ್ತು. ಬೆಳಕು ಒಂದೆರಡು ಕಿರಣಗಳಾಗಿ ಒಡೆಯುವ ಬದಲು ನಡುವಿನ ಚುಕ್ಕೆಯ ಎರಡೂ ಬದಿಗೆ ಸಾಲುಸಾಲಾಗಿ ಚುಕ್ಕೆಗಳು ಮೂಡುತ್ತಿದ್ದವು. ಶಬ್ದದ ಬಲ ಹೆಚ್ಚಿಸಿದರೆ ಒಂದು ಚುಕ್ಕೆ ಮಂಕಾಗಿ ಇನ್ನೊಂದು ಬೆಳಗುತ್ತಿತ್ತು. ಒಮ್ಮೊಮ್ಮೆ ನಡುವಿನ ಚುಕ್ಕೆಯೇ ಮಾಯವಾಗುತ್ತಿತ್ತು. ಅಂದಿನ ವಿವರಣೆಗಳಿಗೆ ಇದು ನಿಲುಕಲಿಲ್ಲ.

ದ್ರವದೊಳಗಿನ ಸುಕ್ಕು

ರಾಮನ್ ಮತ್ತು ನಾಗೇಂದ್ರನಾಥ್ ಈ ಒಗಟನ್ನು ಬಿಡಿಸಿದ ಬಗೆ ಅದರ ಸರಳತೆಗಾಗಿಯೇ ಹೆಸರಾಗಿದೆ. ಶಬ್ದವೆಂದರೆ ದ್ರವದಲ್ಲಿ ಒತ್ತಾದ ಪದರ, ಸಡಿಲವಾದ ಪದರ, ಮತ್ತೆ ಒತ್ತಾದ ಪದರ. ಒತ್ತಾದ ಕಡೆ ಬೆಳಕು ಕೊಂಚ ನಿಧಾನವಾಗಿ ಸಾಗುತ್ತದೆ, ಸಡಿಲವಾದ ಕಡೆ ಕೊಂಚ ವೇಗವಾಗಿ. ನೇರ ಗೆರೆಯಲ್ಲಿ ಹೆಜ್ಜೆ ಹಾಕುತ್ತ ಬಂದ ಸಿಪಾಯಿಗಳ ಸಾಲಿನಲ್ಲಿ ಕೆಲವರು ಕೆಸರಿನಲ್ಲಿಯೂ ಕೆಲವರು ಗಟ್ಟಿ ನೆಲದಲ್ಲಿಯೂ ನಡೆದರೆ ಸಾಲು ಅಂಕುಡೊಂಕಾಗುವಂತೆ, ಆ ದ್ರವವನ್ನು ದಾಟಿ ಬಂದ ಬೆಳಕಿನ ಅಲೆಯೂ ಚಾವಣಿಯ ತಗಡಿನಂತೆ ಸುಕ್ಕುಗಟ್ಟಿರುತ್ತದೆ. ಹಾಗೆ ಸುಕ್ಕುಗಟ್ಟಿದ ಅಲೆ ಮುಂದೆ ಸಾಗಿದಾಗ ಹಲವು ಕಿರಣಗಳಾಗಿ ಬೇರ್ಪಡುತ್ತದೆ. ಶಬ್ದ ಬಲವಾದಷ್ಟೂ ಸುಕ್ಕು ಆಳವಾಗುತ್ತದೆ, ಬೆಳಕು ಅಂಚಿನ ಚುಕ್ಕೆಗಳತ್ತ ಸರಿಯುತ್ತದೆ. ಯಾವ ಚುಕ್ಕೆಗೆ ಎಷ್ಟು ಬೆಳಕು ಎಂಬುದನ್ನೂ ಗಣಿತ ನಿಖರವಾಗಿ ಹೇಳಿತು.

1935 ಮತ್ತು 1936ರಲ್ಲಿ ಅಕಾಡೆಮಿಯ ಪತ್ರಿಕೆಯಲ್ಲಿ ಐದು ಭಾಗಗಳಾಗಿ ಈ ಸಿದ್ಧಾಂತ ಪ್ರಕಟವಾಯಿತು. ಅಂದಿನಿಂದ ಇಂದಿನವರೆಗೆ ಜಗತ್ತಿನ ಪಠ್ಯಪುಸ್ತಕಗಳಲ್ಲಿ ಅದಕ್ಕೆ ರಾಮನ್-ನಾಥ್ ಸಿದ್ಧಾಂತ ಎಂದೇ ಹೆಸರು. ಮೃದಂಗದ ಚರ್ಮದ ಕಂಪನವನ್ನು ಬಲ್ಲವರಿಗೆ, ಬೆಳಕಿನ ವಿವರ್ತನೆಯನ್ನು ಹದಿನೆಂಟರ ವಯಸ್ಸಿನಲ್ಲಿ ಬರೆದವರಿಗೆ, ಈ ಎರಡೂ ಸೇರುವ ಎಡೆ ಅಪರಿಚಿತವಾಗಿರಲಿಲ್ಲ.

ಈ ಪ್ರಯೋಗದಿಂದ ಇನ್ನೊಂದು ಲಾಭವೂ ಆಯಿತು. ಚುಕ್ಕೆಗಳ ನಡುವಣ ಅಂತರವನ್ನು ಅಳೆದರೆ ಶಬ್ದದ ಅಲೆಯುದ್ದ ತಿಳಿಯುತ್ತದೆ, ಅದರಿಂದ ಆ ದ್ರವದಲ್ಲಿ ಶಬ್ದದ ವೇಗ ತಿಳಿಯುತ್ತದೆ. ರಾಮನ್‌ರ ಶಿಷ್ಯ ಎಸ್. ಪಾರ್ಥಸಾರಥಿ ಈ ವಿಧಾನದಿಂದ ಬೆಂಗಳೂರಿನಲ್ಲಿ ಹಲವಾರು ದ್ರವಗಳಲ್ಲಿ ಶಬ್ದದ ವೇಗವನ್ನು ಅಳೆದರು. ಇನ್ನೊಬ್ಬ ಶಿಷ್ಯ ಬಿ.ವಿ. ರಾಘವೇಂದ್ರ ರಾವ್ ಅವರೊಡಗೂಡಿ ರಾಮನ್ 1937-38ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಯಾವ ಹರಳಿನ ನೆರವೂ ಇಲ್ಲದೆ, ಕೇವಲ ಶಾಖದಿಂದ, ಪ್ರತಿಯೊಂದು ದ್ರವದೊಳಗೂ ಸೆಕೆಂಡಿಗೆ ಶತಕೋಟಿಗಟ್ಟಲೆ ಕಂಪನಗಳ ಶಬ್ದದಲೆಗಳು ಸದಾ ಓಡಾಡುತ್ತಿರುತ್ತವೆ. ಅವುಗಳಿಂದ ಚದುರಿದ ಬೆಳಕಿನ ರೋಹಿತವನ್ನು ಇವರು ಅಳೆದರು. ದ್ರವ ಜಿಗುಟಾದಷ್ಟೂ ರೋಹಿತ ಬದಲಾಗುವ ಬಗೆಯನ್ನು ವಿವರಿಸಿದರು.

ಕೈತಪ್ಪಿದ ಪದವಿ

ವಿಜ್ಞಾನದಲ್ಲಿ ಇಷ್ಟು ಫಲ ಬಿಟ್ಟ ಈ ವರ್ಷಗಳೇ ರಾಮನ್‌ರ ಬದುಕಿನ ಅತ್ಯಂತ ಕಹಿ ವರ್ಷಗಳೂ ಆಗಿದ್ದವು ಎಂಬುದು ವಿಪರ್ಯಾಸ. ನಿರ್ದೇಶಕರು ಭೌತಶಾಸ್ತ್ರಕ್ಕೆ ಹಣ ಮತ್ತು ಸ್ಥಾನ ಎರಡನ್ನೂ ಧಾರಾಳವಾಗಿ ನೀಡಿ ಉಳಿದ ವಿಭಾಗಗಳನ್ನು ಕಡೆಗಣಿಸುತ್ತಿದ್ದಾರೆ ಎಂಬ ದೂರು ಎದ್ದಿತು. ಹಿಟ್ಲರನ ಜರ್ಮನಿಯಿಂದ ಹೊರಬಿದ್ದ ವಿಜ್ಞಾನಿಗಳನ್ನು ಬೆಂಗಳೂರಿಗೆ ಕರೆತರಬೇಕೆಂದು ರಾಮನ್ ಬಯಸಿದ್ದರು. ಅವರ ಆಹ್ವಾನದ ಮೇರೆಗೆ ಮ್ಯಾಕ್ಸ್ ಬಾರ್ನ್ 1935-36ರಲ್ಲಿ ಕೆಲವು ತಿಂಗಳು ಸಂಸ್ಥೆಯಲ್ಲಿದ್ದರು. ನಾಗೇಂದ್ರನಾಥ್ ಅವರೊಡನೆಯೂ ಕೆಲಸ ಮಾಡಿದರು. ಬಾರ್ನ್ ಅವರಿಗೆ ಕಾಯಂ ಹುದ್ದೆ ಕೊಡುವ ಯತ್ನಕ್ಕೆ ಸಂಸ್ಥೆಯೊಳಗೆ ವಿರೋಧ ಎದುರಾಯಿತು. ಅವರು ಎಡಿನ್‌ಬರೋಗೆ ಹೊರಟುಹೋದರು. 1954ರಲ್ಲಿ ಅವರಿಗೂ ನೊಬೆಲ್ ಬಂದಿತು.

ಸರ್ ಜೇಮ್ಸ್ ಇರ್ವಿನ್ ಅಧ್ಯಕ್ಷತೆಯ ಪರಿಶೀಲನಾ ಸಮಿತಿ 1936ರಲ್ಲಿ ಸಂಸ್ಥೆಯ ವ್ಯವಹಾರವನ್ನು ತನಿಖೆ ಮಾಡಿತು. ಅದರ ಅಭಿಪ್ರಾಯ ನಿರ್ದೇಶಕರಿಗೆ ಅನುಕೂಲವಾಗಿರಲಿಲ್ಲ. 1937ರಲ್ಲಿ ರಾಮನ್ ನಿರ್ದೇಶಕ ಪದವಿಯನ್ನು ತ್ಯಜಿಸಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿ ಮಾತ್ರ ಉಳಿದರು.

ತಪ್ಪು ಒಂದೇ ಕಡೆಯದಾಗಿರಲಿಲ್ಲ. ರಾಮನ್ ಮಾತಿನಲ್ಲಿ ಒರಟು, ಭಿನ್ನಾಭಿಪ್ರಾಯವನ್ನು ತಾಳದವರು, ಸಮಿತಿಗಳನ್ನು ಸಂಭಾಳಿಸುವ ಜಾಣ್ಮೆ ಇಲ್ಲದವರು. ಆದರೆ ಅವರ ಮೇಲಿನ ಆಕ್ಷೇಪಣೆಯಲ್ಲಿ ಒಂದು ದೊಡ್ಡ ಪ್ರಶ್ನೆ ಅಡಗಿತ್ತು. ಕೈಗಾರಿಕೆಗೆ ನೆರವಾಗಲೆಂದು ಕಟ್ಟಿದ ಸಂಸ್ಥೆಯಲ್ಲಿ, ತತ್‌ಕ್ಷಣದ ಉಪಯೋಗವಿಲ್ಲದ ಜ್ಞಾನಕ್ಕೆ ಎಷ್ಟು ಜಾಗ? ಗಾಜಿನ ತೊಟ್ಟಿಯಲ್ಲಿನ ದ್ರವದೊಳಗೆ ಕಿವಿಗೆ ಕೇಳದ ಶಬ್ದ ಹಾಯಿಸಿ, ಗೋಡೆಯ ಮೇಲೆ ಮೂಡುವ ಚುಕ್ಕೆಗಳನ್ನು ಎಣಿಸುವುದರಿಂದ ಯಾರಿಗೆ ಲಾಭ? 1937ರಲ್ಲಿ ಇದಕ್ಕೆ ಉತ್ತರ ಹೇಳಬಲ್ಲವರು ಯಾರೂ ಇರಲಿಲ್ಲ.

ಆನೆಯ ದನಿ, ಬಾವಲಿಯ ದನಿ

ಉತ್ತರ ಬರಲು ಕೆಲವು ದಶಕಗಳು ಹಿಡಿದವು. ಆಸ್ಟ್ರಿಯದ ಕಾರ್ಲ್ ಡುಸಿಕ್ 1942ರಲ್ಲಿ ಅಲ್ಟ್ರಾಸೌಂಡ್‌ನಿಂದ ಮಿದುಳನ್ನು ನೋಡುವ ಯತ್ನವನ್ನು ಪ್ರಕಟಿಸಿದರು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಪ್ರಕಟಿಸಿದ ವರದಿಯಿಂದ ಪ್ರಸೂತಿ ವೈದ್ಯದಲ್ಲಿ ಸ್ಕ್ಯಾನಿಂಗ್ ಯುಗ ಆರಂಭವಾಯಿತು. ಯಂತ್ರ ದೇಹದೊಳಗೆ ಶಬ್ದ ಕಳುಹಿಸಿ ಮರುದನಿಗಾಗಿ ಕಾಯುತ್ತದೆ. ಮೆದು ಅಂಗಾಂಶದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್ ಎಂದು ಹಿಡಿದು, ಮರುದನಿ ಬರಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕಹಾಕಿ ಚಿತ್ರ ರಚಿಸುತ್ತದೆ. ದ್ರವಗಳಲ್ಲಿ ಶಬ್ದದ ವೇಗ ಅಳೆಯುವ ಕೆಲಸ ಎಷ್ಟು ಮಹತ್ವದ್ದು ಎಂಬುದು ಇಲ್ಲಿ ಅರಿವಾಗುತ್ತದೆ.

ಸಾಮಾನ್ಯ ಸ್ಕ್ಯಾನಿಂಗ್ ಬಳಸುವುದು 2ರಿಂದ 15 ಮೆಗಾಹರ್ಟ್ಸ್ ಶಬ್ದವನ್ನು. ಮೆಗಾಹರ್ಟ್ಸ್ ಎಂದರೆ ಸೆಕೆಂಡಿಗೆ ಹತ್ತು ಲಕ್ಷ ಕಂಪನ. ಇತ್ತೀಚಿನ ಅತ್ಯುಚ್ಚ ಆವರ್ತನದ ಯಂತ್ರಗಳು 30 ಮೆಗಾಹರ್ಟ್ಸ್‌ನಿಂದ 70, ಕೆಲವೊಮ್ಮೆ 100 ಮೆಗಾಹರ್ಟ್ಸ್‌ವರೆಗೂ ಹೋಗುತ್ತವೆ. ಕಂಪನ ಹೆಚ್ಚಿದಷ್ಟೂ ಅಲೆ ಚಿಕ್ಕದಾಗುತ್ತದೆ, ಅಲೆ ಚಿಕ್ಕದಾದಷ್ಟೂ ಸೂಕ್ಷ್ಮ ವಿವರ ಕಾಣುತ್ತದೆ. 5 ಮೆಗಾಹರ್ಟ್ಸ್‌ನಲ್ಲಿ ಅಲೆಯುದ್ದ ಮಿಲಿಮೀಟರಿನ ಹತ್ತನೇ ಮೂರು ಭಾಗ. 50 ಮೆಗಾಹರ್ಟ್ಸ್‌ನಲ್ಲಿ ನೂರನೇ ಮೂರು ಭಾಗ, ಎಂದರೆ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ.

ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಅದನ್ನು ತಿಳಿಯಲು ಗೋಪಾಲಸ್ವಾಮಿ ಬೆಟ್ಟವನ್ನು ಸುತ್ತುವರಿದ ಬಂಡೀಪುರದ ಕಾಡಿಗಿಂತ ಉತ್ತಮ ಪಾಠಶಾಲೆಯಿಲ್ಲ. ಆನೆಗಳು ಮನುಷ್ಯನ ಕಿವಿಗೆ ಕೇಳದಷ್ಟು ತಗ್ಗಿನ ದನಿಯಲ್ಲಿ ಒಂದನ್ನೊಂದು ಕರೆಯುತ್ತವೆ. ಸೆಕೆಂಡಿಗೆ ಇಪ್ಪತ್ತರ ಆಸುಪಾಸಿನ ಆ ಕಂಪನಗಳು ಕಾಡನ್ನು ಹಾದು ಕಿಲೋಮೀಟರುಗಟ್ಟಲೆ ಸಾಗುತ್ತವೆ. ಅದೇ ಕಾಡಿನ ಕೀಟಭಕ್ಷಕ ಬಾವಲಿಗಳು ಸೆಕೆಂಡಿಗೆ ಹತ್ತಾರು ಸಾವಿರ ಕಂಪನಗಳ ದನಿ ಹೊರಡಿಸಿ, ಅದರ ಮರುದನಿಯಿಂದ ಕತ್ತಲಲ್ಲಿ ಸೊಳ್ಳೆ, ಪತಂಗಗಳನ್ನು ಹಿಡಿಯುತ್ತವೆ. ಆ ದನಿ ಕೆಲವೇ ಮೀಟರುಗಳಲ್ಲಿ ಗಾಳಿಯಲ್ಲಿ ಕರಗಿಹೋಗುತ್ತದೆ. ತಗ್ಗಿದ ದನಿಗೆ ದೂರವುಂಟು, ವಿವರವಿಲ್ಲ. ಏರಿದ ದನಿಗೆ ವಿವರವುಂಟು, ದೂರವಿಲ್ಲ. ದೇಹದೊಳಗೂ ಇದೇ ನ್ಯಾಯ. ಗರ್ಭಸ್ಥ ಶಿಶುವನ್ನು ತಲುಪುವ ಕೆಲವೇ ಮೆಗಾಹರ್ಟ್ಸ್‌ನ ಶಬ್ದ ಹತ್ತಾರು ಸೆಂಟಿಮೀಟರ್ ಒಳಹೋಗುತ್ತದೆ. 70 ಮೆಗಾಹರ್ಟ್ಸ್‌ನ ಶಬ್ದ ಸುಮಾರು ಒಂದು ಸೆಂಟಿಮೀಟರಿನಲ್ಲಿಯೇ ಇಂಗಿಹೋಗುತ್ತದೆ.

ಆದ್ದರಿಂದ ಈ ಯಂತ್ರಗಳ ಕಾರ್ಯಕ್ಷೇತ್ರ ದೇಹದ ಹೊರಪದರ. ಕೆನಡಾದ ಟೊರಾಂಟೊದಲ್ಲಿ ಚಾರ್ಲ್ಸ್ ಪಾವ್ಲಿನ್, ಸ್ಟುವರ್ಟ್ ಫಾಸ್ಟರ್ ಮತ್ತು ಸಂಗಡಿಗರು 1990ರಲ್ಲಿ ಇಂತಹ ಶಬ್ದದಿಂದ ಕಣ್ಣಿನ ಮುಂಭಾಗವನ್ನು ಪರೀಕ್ಷಿಸುವ ವಿಧಾನವನ್ನು ಪ್ರಕಟಿಸಿದರು. ಕಣ್ಣಿನೊಳಗಿನ ದ್ರವ ಹೊರಹರಿಯುವ ಕಿರಿದಾದ ಮೂಲೆ ಮುಚ್ಚಿಕೊಂಡಾಗ ಗ್ಲಾಕೋಮ ಬರುತ್ತದೆ, ದೃಷ್ಟಿ ಸದ್ದಿಲ್ಲದೆ ನಶಿಸುತ್ತದೆ. ಐರಿಸ್ಸಿನ ಹಿಂದೆ ಅಡಗಿರುವ ಕಾರಣವನ್ನು ಬೆಳಕು ತೋರಿಸಲಾರದು, ಶಬ್ದ ತೋರಿಸುತ್ತದೆ. ಹೃದಯದ ರಕ್ತನಾಳದೊಳಗೆ ಸಣ್ಣ ನಳಿಗೆ ತೂರಿಸಿ 20ರಿಂದ 60 ಮೆಗಾಹರ್ಟ್ಸ್ ಶಬ್ದದಿಂದ ನಾಳದ ಗೋಡೆಯ ಕೊಬ್ಬನ್ನು ಪರೀಕ್ಷಿಸುವ ವಿಧಾನವೂ ಬಳಕೆಯಲ್ಲಿದೆ.

70 ಮೆಗಾಹರ್ಟ್ಸ್‌ವರೆಗಿನ ಯಂತ್ರಗಳು ರೋಗಿಗಳ ತಪಾಸಣೆಗೆ ದೊರೆತದ್ದು 2010ರ ದಶಕದ ಉತ್ತರಾರ್ಧದಲ್ಲಿ. ಚರ್ಮದ ಕ್ಯಾನ್ಸರ್ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಕತ್ತಿ ಹಿಡಿಯುವ ಮುನ್ನವೇ ಅಂದಾಜು ಮಾಡಲು ಅವು ನೆರವಾಗುತ್ತವೆ. ಸ್ತನ ಕ್ಯಾನ್ಸರಿನ ಶಸ್ತ್ರಕ್ರಿಯೆಯ ನಂತರ ದುಗ್ಧರಸ ಕಟ್ಟಿಕೊಂಡು ಕೈ ಊದಿಕೊಳ್ಳುವ ಮಹಿಳೆಯರಲ್ಲಿ, ಒಂದು ಮಿಲಿಮೀಟರಿಗೂ ಕಿರಿದಾದ ದುಗ್ಧನಾಳಗಳನ್ನು ಹುಡುಕಿ ಪಕ್ಕದ ಸಿರೆಗೆ ಜೋಡಿಸುವ ಶಸ್ತ್ರವೈದ್ಯರಿಗೆ ಅವು ದಾರಿ ತೋರುತ್ತವೆ. ನವಜಾತ ಶಿಶುಗಳ ಎಳೆಯ ಧಮನಿಗಳು, ಬೆರಳಿನ ನರಗಳ ಒಳಗಿನ ಎಳೆಗಳು, ಬಾಯಿಯ ಒಳಪೊರೆಯ ಗಾಯಗಳು ಇವೆಲ್ಲ ಈಗ ಅವುಗಳ ದೃಷ್ಟಿಗೆ ನಿಲುಕುತ್ತವೆ. ಇವು ಸದ್ಯಕ್ಕೆ ದೊಡ್ಡ ವೈದ್ಯಕೀಯ ಕೇಂದ್ರಗಳ ಸಾಧನಗಳು. ಸಾಮಾನ್ಯ ಸ್ಕ್ಯಾನಿಂಗ್‌ನ ಜಾಗವನ್ನು ಅವು ಕಸಿದುಕೊಳ್ಳುವುದಿಲ್ಲ, ಅದು ಕಾಣಲಾಗದ್ದನ್ನು ಕಾಣಿಸುತ್ತವೆ.

ರಾಮನ್ ಪಾಲು

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸ್ಕ್ಯಾನಿಂಗ್ ಯಂತ್ರವನ್ನು ರಾಮನ್ ಕಂಡುಹಿಡಿಯಲಿಲ್ಲ. ಮರುದನಿಯಿಂದ ಚಿತ್ರ ರಚಿಸುವ ವಿದ್ಯೆಗೆ ಬೇರೆಯದೇ ವಂಶಾವಳಿಯಿದೆ. ಅದು ಲಾಂಜೆವನ್, ಡುಸಿಕ್, ಡೊನಾಲ್ಡ್ ಅವರದು. ಅಭಿಮಾನದ ಭರದಲ್ಲಿ ಎಲ್ಲವನ್ನೂ ನಮ್ಮವರ ಹೆಸರಿಗೆ ಬರೆಯುವುದು ರಾಮನ್‌ರಂತಹ ನಿಷ್ಠುರ ವಿಜ್ಞಾನಿಗೆ ಸಲ್ಲುವ ಗೌರವವಲ್ಲ.

ಅವರ ಪಾಲು ಬೇರೆ ಬಗೆಯದು. ಕಣ್ಣಿಗೆ ಕಾಣದ, ಕಿವಿಗೆ ಕೇಳದ ಶಬ್ದವನ್ನು ಬೆಳಕಿನ ಮೂಲಕ ಕಾಣುವ ಮತ್ತು ಅಳೆಯುವ ದಾರಿಗೆ ಭದ್ರವಾದ ಗಣಿತ ದೊರೆತದ್ದು ಅವರಿಂದ. ಅಲ್ಟ್ರಾಸೌಂಡ್ ಸಾಧನ ಹೊರಡಿಸುವ ಶಬ್ದದ ಧಾರೆ ನೀರಿನಲ್ಲಿ ಹೇಗೆ ಹರಡುತ್ತದೆ ಎಂಬುದನ್ನು ಬೆಳಕು ಹಾಯಿಸಿ ನೋಡುವ ವಿಧಾನಗಳು ಇಂದಿಗೂ ಬಳಕೆಯಲ್ಲಿವೆ. ಶಬ್ದದಿಂದ ಲೇಸರ್ ಬೆಳಕನ್ನು ಕ್ಷಣಾರ್ಧದಲ್ಲಿ ತಿರುಗಿಸುವ, ಹೊತ್ತಿಸಿ ಆರಿಸುವ ಉಪಕರಣಗಳು ಇದೇ ವಿದ್ಯೆಯ ಮಕ್ಕಳು. ಜೀವಕೋಶಗಳನ್ನು ಪರೀಕ್ಷಿಸುವ ಲೇಸರ್ ಸೂಕ್ಷ್ಮದರ್ಶಕಗಳಲ್ಲಿ ಅವು ಕೆಲಸ ಮಾಡುತ್ತವೆ.

ರಾಘವೇಂದ್ರ ರಾವ್ ಅವರೊಡನೆ ರಾಮನ್ ಅಳೆದ ಆ ಶತಕೋಟಿ ಕಂಪನಗಳ ಶಬ್ದವೂ ವೈದ್ಯರ ಕೋಣೆಗೆ ಬಂದಿದೆ. ಬ್ರಿಲ್ವಾ ಚದುರಿಕೆ ಎಂಬ ಅದೇ ವಿದ್ಯಮಾನದಿಂದ ಕಣ್ಣಿನ ಪಾರದರ್ಶಕ ಪಟಲದ ಬಿಗುವನ್ನು ಮುಟ್ಟದೆಯೇ ಅಳೆಯಬಹುದೆಂದು ಸಂಶೋಧಕರು ತೋರಿಸಿದ್ದಾರೆ. ಜೀವಂತ ಮನುಷ್ಯರ ಕಣ್ಣಿನಲ್ಲಿ ಇಂತಹ ಅಳತೆ 2012ರಲ್ಲಿ ವರದಿಯಾಯಿತು. ಪಟಲ ಮೆತ್ತಗಾಗಿ ಶಂಕುವಿನಂತೆ ಉಬ್ಬುವ ಕೆರಟೋಕೋನಸ್ ರೋಗವನ್ನು ಬೇಗ ಗುರುತಿಸಲು ಅದು ನೆರವಾಗಬಹುದೆಂಬ ಭರವಸೆಯಿದೆ.

ಗಾಜಿನ ತೊಟ್ಟಿಯ ಚುಕ್ಕೆಗಳನ್ನು ಎಣಿಸುವುದರಿಂದ ಯಾರಿಗೆ ಲಾಭ ಎಂಬ 1937ರ ಪ್ರಶ್ನೆಗೆ ಉತ್ತರ ಇಲ್ಲಿದೆ. ಉತ್ತರ ಸಿಕ್ಕಿದ್ದು ಪ್ರಶ್ನೆ ಕೇಳಿದವರ ಕಾಲದಲ್ಲಿ ಅಲ್ಲ, ಅವರ ಮೊಮ್ಮಕ್ಕಳ ಕಾಲದಲ್ಲಿ. ಮೂಲವಿಜ್ಞಾನಕ್ಕೆ ಹಣ ಕೊಡುವ ಸರ್ಕಾರಗಳು ಮತ್ತು ಸಂಸ್ಥೆಗಳು ಇಂದಿಗೂ ಅದೇ ಪ್ರಶ್ನೆಯನ್ನು ಅದೇ ಅವಸರದಲ್ಲಿ ಕೇಳುತ್ತಿರುವಾಗ ಈ ಕಥೆ ಹಳೆಯದಾಗಿಲ್ಲ.

ಕೊನೆಯ ಉಪನ್ಯಾಸ

1948ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ನಿವೃತ್ತರಾದ ರಾಮನ್ ಹೆಬ್ಬಾಳದ ಹಾದಿಯಲ್ಲಿ, ಮೈಸೂರು ಸರ್ಕಾರ ಅಕಾಡೆಮಿಗೆ ಕೊಟ್ಟಿದ್ದ ಜಮೀನಿನಲ್ಲಿ ತಮ್ಮದೇ ಸಂಶೋಧನಾಲಯವನ್ನು ತೆರೆದರು. ಅದೇ ಇಂದಿನ ರಾಮನ್ ಸಂಶೋಧನಾ ಸಂಸ್ಥೆ. 1954ರಲ್ಲಿ ಭಾರತರತ್ನ ಪ್ರಶಸ್ತಿ ಅರಸಿಬಂತು. ವಜ್ರ, ಶಂಖ, ಚಿಪ್ಪು, ಹೂಗಳ ಬಣ್ಣ ಎಲ್ಲವೂ ಅವರ ಕುತೂಹಲದ ವಸ್ತುಗಳಾದವು. ಇಳಿವಯಸ್ಸಿನಲ್ಲಿ ದೇಹದತ್ತಲೇ ತಿರುಗಿದರು. ಕಣ್ಣು ಬಣ್ಣವನ್ನು ಹೇಗೆ ಗ್ರಹಿಸುತ್ತದೆ ಎಂಬ ಕುರಿತು ಅವರು ಬರೆದ ಗ್ರಂಥ 1968ರಲ್ಲಿ ಹೊರಬಂತು. ಅವರ ಕೆಲವು ತೀರ್ಮಾನಗಳನ್ನು ತಜ್ಞರು ಒಪ್ಪಲಿಲ್ಲ. ಅದರಿಂದ ಅವರೇನೂ ಧೃತಿಗೆಡಲಿಲ್ಲ.

ಪ್ರತಿ ವರ್ಷ ಅಕ್ಟೋಬರ್ 2ರಂದು ತಮ್ಮ ಸಂಸ್ಥೆಯಲ್ಲಿ ಗಾಂಧಿ ಸ್ಮಾರಕ ಉಪನ್ಯಾಸ ನೀಡುವುದು ಅವರ ಪರಿಪಾಠವಾಗಿತ್ತು. 1970ರ ಉಪನ್ಯಾಸಕ್ಕೆ ಅವರು ಆರಿಸಿಕೊಂಡ ವಿಷಯ ಮನುಷ್ಯನ ಕಿವಿ. ಒಳಗಿವಿಯ ಶಂಖಾಕೃತಿಯ ಸುರುಳಿ ಶಬ್ದವನ್ನು ಗ್ರಹಿಸುವ ಬಗೆಯ ಕುರಿತು ಎಂಬತ್ತೆರಡರ ಹೊಸ್ತಿಲಲ್ಲಿದ್ದ ಅವರು ಸಭಿಕರಿಗೆ ವಿವರಿಸಿದರು. ತಂದೆಯ ಪಿಟೀಲನ್ನು ಕೇಳುತ್ತ ಬೆಳೆದವರ ಕೊನೆಯ ಉಪನ್ಯಾಸ ಅದಾಯಿತು.

ಕೆಲವೇ ವಾರಗಳ ನಂತರ ಪ್ರಯೋಗಾಲಯದಲ್ಲಿ ಕುಸಿದುಬಿದ್ದರು. ಆಸ್ಪತ್ರೆಯಲ್ಲಿ ಉಳಿಯಲು ಒಪ್ಪದೆ ತಮ್ಮ ಸಂಸ್ಥೆಗೆ ಮರಳಿದರು. 1970ರ ನವೆಂಬರ್ 21ರಂದು ಅಲ್ಲಿಯೇ ಕೊನೆಯುಸಿರೆಳೆದರು. ಅವರ ಇಚ್ಛೆಯಂತೆ ಅಂತ್ಯಸಂಸ್ಕಾರ ನಡೆದದ್ದೂ ಸಂಸ್ಥೆಯ ತೋಟದಲ್ಲಿಯೇ. ಆ ಜಾಗದಲ್ಲಿ ಸಮಾಧಿಯ ಕಟ್ಟಡವಿಲ್ಲ, ಒಂದು ಮರವಿದೆ.